ಗೋಲಿಯ ಹೆಬ್ಬೆರಳು

“ಅಜ್ಜಿ, ಸಾಕು. ಕೈ ಕೆಳಗಿಡು,” ಎಂದು ಗೋಲಿ ಅಜ್ಜಿಯ ತೋಳು ಜಗ್ಗಿದ.

ಅಜ್ಜಿ ಕೇಳಿಸಿಕೊಂಡರೆ ತಾನೆ? ಚಪ್ಪಾಳೆ ಹೊಡೆಯುತ್ತಲೇ ಇದ್ದಳು. ಚಪ್, ಚಪ್, ಚಪ್. ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿಯುವ ಕೈ ಅದು, ಚಪ್ಪಾಳೆ ಮೆತ್ತಗಿರುತ್ತದೆಯೇ? ಇಡೀ ಥಿಯೇಟರಿಗೆ ಕೇಳಿಸುತ್ತಿತ್ತು.

ಅಲ್ಲಿ ಚಪ್ಪಾಳೆ ಹೊಡೆಯುತ್ತಿದ್ದವಳು ಅಜ್ಜಿ ಒಬ್ಬಳೇ. ಮಿಕ್ಕವರೆಲ್ಲ ಬೈಯುವುದರಲ್ಲಿದ್ದರು. ಒಬ್ಬ “ದುಡ್ಡು ವಾಪಸ್ ಕೊಡ್ರಪ್ಪಾ” ಎಂದು ಕೂಗಿದ. ಇನ್ನೊಬ್ಬ ಖಾಲಿ ಪಾಪ್‌ಕಾರ್ನ್ ಡಬ್ಬವನ್ನು ಪರದೆಯ ಕಡೆಗೆ ಎಸೆದ. ಅದು ಅಲ್ಲಿಯವರೆಗೂ ಹೋಗದೆ ಮುಂದೆ ಕೂತಿದ್ದ ಬೋಳುತಲೆಯ ಒಬ್ಬರ ಮೇಲೆ ಬಿತ್ತು. ಅವರು ಎದ್ದು ನಿಂತು ಬೇರೆ ಜಗಳ ಶುರುಮಾಡಿದರು.

ಎರಡು ಸಾಲು ಮುಂದೆ ಗೋಲಿಯ ಕ್ಲಾಸಿನವರು ಕೂತಿದ್ದರು. ಅವರಲ್ಲಿ ಕೊಕ್ಕರೆ ಎಂಬ ಅಡ್ಡಹೆಸರಿನ ಹುಡುಗ ತನ್ನ ಉದ್ದನೆಯ ಕತ್ತು ತಿರುಗಿಸಿ, “ಯಾವ ಮುದುಕಿನೋ ಅದು, ಚಪ್ಪಾಳೆ ಹೊಡೀತಿರೋದು?” ಎಂದು ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದ.

ಗೋಲಿ ಸೀಟಿನಿಂದ ಜಾರಿ ಜಾರಿ ನೆಲಕ್ಕೇ ಬಂದ. ಶೂ ಲೇಸು ಕಟ್ಟಿಕೊಳ್ಳುವವನ ಹಾಗೆ ನಟಿಸಿದ. ಪಾಪ, ಅವನು ಹಾಕಿಕೊಂಡು ಬಂದಿದ್ದು ಚಪ್ಪಲಿ.

ಇಷ್ಟೆಲ್ಲ ಗಲಾಟೆಗೆ ಕಾರಣ ‘ಗುಡುಗು’ ಸಿನಿಮಾದ ಮೂರನೇ ಭಾಗ. ಗುಡುಗು ಎಂದರೆ ಸೂಪರ್‌ಹೀರೋ. ಅವನು ಒಂದು ಗುದ್ದು ಕೊಟ್ಟರೆ ಸಾಕು, ಆಕಾಶದಲ್ಲಿ ಗುಡುಗು ಕೇಳಿಸುತ್ತದೆ, ಎದುರಿಗಿದ್ದವನು ಊರಾಚೆ ಹೋಗಿ ಬೀಳುತ್ತಾನೆ. ಮೊದಲನೇ ಭಾಗದಲ್ಲೂ ಗುದ್ದಿದ್ದ. ಎರಡನೇ ಭಾಗದಲ್ಲಿ ಇನ್ನೂ ಚೆನ್ನಾಗಿ ಗುದ್ದಿದ್ದ. ಮೂರನೆಯದರಲ್ಲಿ ಎಷ್ಟು ಗುದ್ದುತ್ತಾನೋ ಎಂದು ಮಕ್ಕಳು ರಜೆಗೆ ಕಾದ ಹಾಗೆ ಕಾದಿದ್ದರು.

ಆದರೆ ಮೂರನೇ ಭಾಗದ ಕೊನೆಯಲ್ಲಿ ಗುಡುಗು ಒಂದೇ ಒಂದು ಗುದ್ದು ಕೂಡ ಕೊಡಲಿಲ್ಲ.

ಆದದ್ದು ಇಷ್ಟು. ತುಕ್ಕು ಎಂಬ ಖಳನಾಯಕ ದೊಡ್ಡ ಸೇತುವೆಯೊಂದನ್ನು ಮುಟ್ಟಿ, ಅದರ ಕಬ್ಬಿಣವೆಲ್ಲ ಪುಡಿಪುಡಿಯಾಗುವಂತೆ ಮಾಡಿಬಿಟ್ಟ. ಮೇಲೆ ನೂರಾರು ಜನ ಸಿಕ್ಕಿಕೊಂಡರು. ಗುಡುಗು ಕೆಳಗೆ ನದಿಗೆ ಇಳಿದು ಸೇತುವೆಗೆ ಹೆಗಲು ಕೊಟ್ಟ. ತುಕ್ಕು ಅವನ ಎದುರಿಗೇ ಬಂದು ನಿಂತ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಣಕಿಸಿದ. ಕೆನ್ನೆಗೆ ಹೊಡೆದ. ಗುಡುಗು ಕೈ ಬಿಡಲಿಲ್ಲ. ಬಿಟ್ಟರೆ ಸೇತುವೆ ಬೀಳುತ್ತಿತ್ತು. ತುಕ್ಕು ನಗುತ್ತಾ ಹೊರಟೇಹೋದ. ಜನ ಒಬ್ಬೊಬ್ಬರಾಗಿ ದಾಟಿದರು. ಕೊನೆಯಲ್ಲಿ ಮುದುಕನೊಬ್ಬ ಸೈಕಲ್ ತಳ್ಳಿಕೊಂಡು ಬಂದ, ಆರಾಮವಾಗಿ, ಸಂತೆಗೆ ಹೊರಟವನ ಹಾಗೆ. “ಬೇಗ ನಡಿ ತಾತ, ಫೈಟ್ ಬಾಕಿ ಇದೆ” ಎಂದು ಥಿಯೇಟರಿನವರು ಕೂಗಿದರು. ತಾತ ದಾಟಿದ. ಸಿನಿಮಾ ಮುಗಿಯಿತು. ಫೈಟ್ ಬರಲೇ ಇಲ್ಲ.

ಹೊರಗೆ ಬರುವಾಗ ಗೋಲಿ ಅಜ್ಜಿಯನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದ.

“ಈ ಕಡೆ ಯಾಕೋ? ಸುತ್ತು ಆಗುತ್ತಲ್ಲ,” ಎಂದಳು ಅಜ್ಜಿ.

“ಆ ಕಡೆ ರಶ್ಶು, ಅಜ್ಜಿ.”

ನಿಜ ಹೇಳಬೇಕೆಂದರೆ ಗೋಲಿಗೆ ಸಿನಿಮಾ ಬಹಳ ಹಿಡಿಸಿತ್ತು. ಗುಡುಗುವಿನ ಮೊಣಕಾಲು ನಡುಗತೊಡಗಿದಾಗ ಅವನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ತಾನು ಬಿಟ್ಟರೂ ಸೇತುವೆ ಬಿದ್ದುಬಿಡುತ್ತದೆ ಎನ್ನುವ ಹಾಗೆ. ಸೈಕಲ್ ತಾತ ಈಚೆ ದಡಕ್ಕೆ ಕಾಲಿಟ್ಟ ಮೇಲೆಯೇ ಆ ಹಿಡಿತ ಬಿಟ್ಟಿದ್ದ. ಆದರೆ ಅಷ್ಟರಲ್ಲಿ ಎಲ್ಲರೂ ಬೈಯತೊಡಗಿದರು. ಅಷ್ಟು ಜನ ಬೈಯುವಾಗ ತನಗೊಬ್ಬನಿಗೇ ಚೆನ್ನಾಗಿದೆ ಎನಿಸಿದರೆ ತನ್ನ ತಲೆಯಲ್ಲೇ ಏನೋ ಐಬು ಇರಬೇಕು ಎಂದುಕೊಂಡ.

ಸೋಮವಾರ ಊಟದ ಬಿಡುವಿನಲ್ಲಿ ಎಲ್ಲರೂ ಶಾಲೆಯ ನೀರಿನ ಟ್ಯಾಂಕಿನ ಕೆಳಗೆ ಸೇರಿದರು. ಅದು ಬುಲೆಟ್‌ಳ ಜಾಗ.

ಬುಲೆಟ್ ಕ್ಲಾಸಿನ ಫುಟ್ಬಾಲ್ ಟೀಮಿನ ಕ್ಯಾಪ್ಟನ್. ಅವಳ ಓಟ ನೋಡಿದವರು ಅವಳಿಗೆ ಆ ಹೆಸರು ಯಾಕೆ ಬಂತು ಎಂದು ಕೇಳುವುದಿಲ್ಲ. ಹುಡುಗರಿರಲಿ ಹುಡುಗಿಯರಿರಲಿ, ಅವಳು ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಗೋಲಿಗಂತೂ ಅವಳೆಂದರೆ ಪ್ರಾಣ. ಹೋದ ವರ್ಷ ಅವನನ್ನು ಯಾರೂ ಯಾವ ಆಟಕ್ಕೂ ಸೇರಿಸಿಕೊಳ್ಳದಿದ್ದಾಗ ಅವಳೇ ಕೈಹಿಡಿದು ಗೋಲಿನ ಮುಂದೆ ನಿಲ್ಲಿಸಿ, “ಇಲ್ಲಿ ನಿಂತ್ಕೋ. ಬಾಲ್ ಬಂದ್ರೆ ಹೆದರ್ಕೋಬೇಡ, ಅಷ್ಟೇ,” ಎಂದಿದ್ದಳು. ಅವನು ಹೆದರಲಿಲ್ಲ. ಅಂದಿನಿಂದ ಅವನ ಹೆಸರು ಗೋಲಿ.

ಈ ಶುಕ್ರವಾರ ಪಕ್ಕದ ಸೆಕ್ಷನ್ ಜೊತೆ ಮ್ಯಾಚ್ ಇತ್ತು. ವರ್ಷಕ್ಕೊಂದೇ ಮ್ಯಾಚ್. ಗೋಲಿ ನಿದ್ದೆಯಲ್ಲೂ ಬಾಲ್ ಹಿಡಿಯುತ್ತಿದ್ದ.

ಹೊಸ ಸಿನಿಮಾ ಬಂದಾಗಲೆಲ್ಲ ಟ್ಯಾಂಕಿನ ಕೆಳಗೆ ತೀರ್ಪು ನಡೆಯುತ್ತಿತ್ತು. ಎಲ್ಲರೂ ನೋಡಿ ಮುಗಿಸಿದ ಮೇಲೆ ಸುತ್ತ ನಿಂತು, ಬುಲೆಟ್ ಒಂದು ಎರಡು ಮೂರು ಎಂದ ತಕ್ಷಣ ಹೆಬ್ಬೆರಳು ತೋರಿಸಬೇಕು. ಚೆನ್ನಾಗಿದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ. ಯಾರ ಹೆಬ್ಬೆರಳು ಒಂಟಿಯಾಗುತ್ತದೋ ಅವರು ಆ ವಾರವೆಲ್ಲ ಆಟದಿಂದ ಔಟ್. ರೂಲ್ ಮಾಡಿದವಳು ಬುಲೆಟ್. ಇದುವರೆಗೆ ಯಾರೂ ಔಟ್ ಆಗಿರಲಿಲ್ಲ. ಹೇಗೆ ಆಗುತ್ತಾರೆ? ಮೂರು ಎನ್ನುವಷ್ಟರಲ್ಲಿ ಎಲ್ಲರ ಕಣ್ಣೂ ಬುಲೆಟ್‌ಳ ಕೈಮೇಲೇ ಇರುತ್ತಿತ್ತು. ಅವಳ ಬೆರಳು ಎತ್ತಲೋ ಎಲ್ಲರ ಬೆರಳೂ ಅತ್ತಲೇ.

“ಇವತ್ತೇ ತೀರ್ಪು ಮುಗಿಸೋಣ್ವಾ?” ಎಂದ ಕೊಕ್ಕರೆ.

“ನಾನಿನ್ನೂ ನೋಡಿಲ್ಲ. ಇವತ್ತು ಸಂಜೆ ಅಪ್ಪನ ಜೊತೆ ಹೋಗ್ತಿದೀನಿ,” ಎಂದ ಕನ್ನಡಕ. ಮೂಗಿನ ಮೇಲೆ ಕನ್ನಡಕ ನಿಲ್ಲದ ಸಣ್ಣ ಹುಡುಗ ಅವನು.

“ಹೋಗಬೇಡ್ವೋ. ವೇಸ್ಟ್. ಆ ದುಡ್ಡಲ್ಲಿ ಐಸ್‌ಕ್ರೀಮ್ ತಿನ್ನು.”

“ಟಿಕೆಟ್ ತಗೊಂಡಾಗಿದೆ ಕಣೋ.”

“ಸರಿ, ನಾಳೆ ತೀರ್ಪು,” ಎಂದಳು ಬುಲೆಟ್. “ಆದ್ರೂ ಎಂಥಾ ಮೋಸ ಅಲ್ವಾ? ಹೆಸರು ಗುಡುಗು, ಮಾಡಿದ್ದು ಕಂಬದ ಕೆಲಸ. ಸುಮ್ನೆ ನಿಂತಿದ್ದ.”

ಎಲ್ಲರೂ ನಕ್ಕರು. ಆಗ ಕೊಕ್ಕರೆ ಎದ್ದು ನಿಂತ. “ಅದಿರ್ಲಿ, ಆ ಮುದುಕಿ? ನೋಡಿ, ಹೀಗೆ,” ಎಂದು ಬೆನ್ನು ಬಗ್ಗಿಸಿ, ಬಾಯಿ ಒಳಕ್ಕೆ ಎಳೆದುಕೊಂಡು, ಚಪ್, ಚಪ್, ಚಪ್ ಎಂದು ಚಪ್ಪಾಳೆ ಹೊಡೆದ.

ನಗೆಯೋ ನಗೆ. ಒಬ್ಬಳು ನಕ್ಕೂ ನಕ್ಕೂ ನೀರು ನೆತ್ತಿಗೆ ಹತ್ತಿಸಿಕೊಂಡಳು.

ಗೋಲಿಯೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕ ಮೇಲೆ ಡಬ್ಬಿಯಲ್ಲಿದ್ದ ಊಟ ಮುಗಿಸದೆ ಮುಚ್ಚಳ ಹಾಕಿ ಇಟ್ಟುಬಿಟ್ಟ.

ಸಂಜೆ ಗೋಲಿ ನೇರ ಅಂಗಡಿಗೆ ಹೋದ. ಅಜ್ಜಿಯ ಇಸ್ತ್ರಿ ಅಂಗಡಿ ಎಂದರೆ ಒಂದೇ ಕೋಣೆ. ನಡುವೆ ಕಂಬಳಿ ಹೊದಿಸಿದ ಉದ್ದ ಮೇಜು, ಅದರ ಮೇಲೆ ಸುಟ್ಟ ಕಲೆಗಳಿದ್ದ ಬಿಳಿ ಬಟ್ಟೆ. ಒಂದು ಕಡೆ ಸುಕ್ಕು ಬಟ್ಟೆಯ ಗಂಟುಗಳು, ಇನ್ನೊಂದು ಕಡೆ ಮಡಿಸಿದ ಬಟ್ಟೆಯ ಸಾಲು. ಕುರ್ಚಿಗೆ ಜಾಗವಿರಲಿಲ್ಲ, ಇದ್ದರೂ ಅಜ್ಜಿಗೆ ಕೂರಲು ಪುರುಸೊತ್ತಿರಲಿಲ್ಲ. ಅಮ್ಮ ಮನೆಮನೆಗೆ ಬಟ್ಟೆ ಕೊಡಲು ಹೋಗಿದ್ದಳು.

ಗೋಲಿ ಬ್ಯಾಗ್ ಇಳಿಸಿ, ಯಾರೂ ಹೇಳದೆಯೇ ಕರ್ಚೀಫುಗಳನ್ನು ಮಡಿಸತೊಡಗಿದ.

“ಏನಪ್ಪಾ, ಮುಖ ಇಂಗು ತಿಂದ ಮಂಗನ ಹಾಗಿದೆ?” ಎಂದಳು ಅಜ್ಜಿ.

“ಏನಿಲ್ಲ.”

“ಏನಿಲ್ಲದೆ ನೀನು ಕೆಲಸಕ್ಕೆ ಕೈ ಹಾಕೋನಲ್ಲ. ಹೇಳು.”

ಗೋಲಿ ಒಂದು ಕರ್ಚೀಫನ್ನು ಮೂರು ಸಲ ಮಡಿಸಿ ಮೂರು ಸಲ ಬಿಚ್ಚಿದ. “ಸ್ಕೂಲಲ್ಲಿ ಎಲ್ಲರೂ ನಗ್ತಿದ್ರು. ಥಿಯೇಟರಲ್ಲಿ ಯಾರೋ ಮುದುಕಿ ಒಬ್ಬಳೇ ಚಪ್ಪಾಳೆ ಹೊಡೀತಿದ್ಲು ಅಂತ.”

ಅಜ್ಜಿ ಗಹಗಹಿಸಿ ನಕ್ಕಳು. “ಮುದುಕಿ ಅನ್ನೋದೂ ನಿಜ, ಚಪ್ಪಾಳೆ ಹೊಡೆದದ್ದೂ ನಿಜ. ಸುಳ್ಳೇನು ಹೇಳಿಲ್ವಲ್ಲ ಮಕ್ಕಳು. ನೀನೇನಂದೆ?”

“ನಾನೂ ನಕ್ಕೆ.”

ಅಜ್ಜಿಯ ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಒಂದು ಕ್ಷಣ ನಿಂತಿತು. ಮತ್ತೆ ಮುಂದೆ ಹೋಯಿತು.

“ನಗು ಬಂದಿದ್ರೆ ನಗಬೇಕಪ್ಪಾ. ತಪ್ಪೇನು?”

“ನಗು ಬರ್ಲಿಲ್ಲ ಅಜ್ಜಿ.”

ಅಜ್ಜಿ ಅಂಗಿಯನ್ನು ತಿರುಗಿಸಿ, ಕಾಲರಿಗೆ ನೀರು ಚಿಮುಕಿಸಿದಳು. ಚುಯ್ ಎಂದು ಹಬೆ ಎದ್ದಿತು. ಗೋಲಿಗೆ ಕಣ್ಣು ಉರಿಯುತ್ತಿತ್ತು, ಅದು ಹಬೆಗಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನೀನ್ಯಾಕೆ ಚಪ್ಪಾಳೆ ಹೊಡೆದೆ? ಎಲ್ಲರೂ ಬೈತಿದ್ರಲ್ಲ,” ಎಂದ ಕೊನೆಗೆ.

“ಅವರಿಗೆ ಚೆನ್ನಾಗಿರ್ಲಿಲ್ಲ, ಬೈದ್ರು. ನಂಗೆ ಚೆನ್ನಾಗಿತ್ತು, ಹೊಡೆದೆ. ನಾನೂ ಟಿಕೆಟ್ ತಗೊಂಡೇ ಒಳಗೆ ಹೋಗಿದ್ದು ತಾನೆ?” ಅಜ್ಜಿ ಅಂಗಿಯನ್ನು ಮಡಿಸಿ ಸಾಲಿಗೆ ಸೇರಿಸಿದಳು. “ನೋಡು, ಗುದ್ದೋದು ಒಂದು ಗಳಿಗೆಯ ಕೆಲಸ. ಕೋಪ ಬಂದ್ರೆ ನಾನೂ ಗುದ್ದಿಯೇನು. ಆದ್ರೆ ಅಲ್ಲಾಡದೆ ನಿಲ್ಲೋದಿದೆಯಲ್ಲ, ಅದು ಎಂಥ ಕಷ್ಟ ಅಂತ ನನ್ನ ಕಾಲನ್ನ ಕೇಳು. ಅವನು ಕೆನ್ನೆಗೆ ಹೊಡೆಸಿಕೊಂಡೂ ನಿಂತಿದ್ದನಲ್ಲ, ಅಬ್ಬಾ ಎನಿಸಿಬಿಡ್ತು. ಕೈ ತಾನಾಗೇ ಹೋಯ್ತು. ಇನ್ನೊಂದು ಗಮನಿಸಿದ್ಯಾ? ಹೋದ ಸಲ ಅವನು ಬೆನ್ನಿಗೆ ಕಟ್ಟಿದ್ದ ಬಟ್ಟೆ ಮೇಲೆ ಒಂದು ಸುಕ್ಕಿರ್ಲಿಲ್ಲ. ಅಷ್ಟೆಲ್ಲ ಹೊಡೆದಾಡಿದವನ ಬಟ್ಟೆ ಗರಿಗರಿಯಾಗಿರುತ್ತಾ? ಈ ಸಲ ಮುದ್ದೆಯಾಗಿತ್ತು. ಆಗ ನಂಗೆ ನಂಬಿಕೆ ಬಂತು.”

ಗೋಲಿಗೆ ಈಗ ನಿಜವಾಗಿಯೂ ನಗು ಬಂತು.

“ನೀನು ಮಾತ್ರ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ. ನಿಂಗೆ ಹೇಗನಿಸ್ತು?” ಎಂದಳು ಅಜ್ಜಿ.

ಗೋಲಿ ಬಾಯಿ ತೆರೆದ. ಮೊಣಕಾಲಿನ ವಿಷಯ ಹೇಳಿದ. ಸೈಕಲ್ ತಾತನ ವಿಷಯ ಹೇಳಿದ. ಗುಡುಗುವಿನ ಬೆರಳುಗಳು ಒಂದೊಂದೇ ಬಿಳಿಚಿಕೊಂಡದ್ದು, ತುಕ್ಕು ಹೋಗುವಾಗ ಅವನು ಆ ಕಡೆ ತಿರುಗಿಯೂ ನೋಡದೆ ಮೇಲಿನ ಜನರನ್ನೇ ನೋಡುತ್ತಿದ್ದದ್ದು, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಸಿನಿಮಾ ಇನ್ನೂ ಚೆನ್ನಾಗಿದೆ ಎನಿಸತೊಡಗಿತು. ಕರ್ಚೀಫುಗಳ ಗಂಟು ಮುಗಿದದ್ದೇ ಅವನಿಗೆ ತಿಳಿಯಲಿಲ್ಲ.

ಮಂಗಳವಾರ ಟ್ಯಾಂಕಿನ ಕೆಳಗೆ ಎಲ್ಲರೂ ಸುತ್ತ ನಿಂತರು.

“ನೋಡಿದ್ಯಾ?” ಎಂದು ಬುಲೆಟ್ ಕನ್ನಡಕನನ್ನು ಕೇಳಿದಳು.

“ನೋಡಿದೆ,” ಎಂದ ಕನ್ನಡಕ. ಹೇಗಿತ್ತು ಎಂದು ಹೇಳಲಿಲ್ಲ.

ಗೋಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿದ್ದ. ಹೆಬ್ಬೆರಳು ಕೆಳಗೆ ಮಾಡಿದರೆ ಶುಕ್ರವಾರ ಗೋಲಿನ ಮುಂದೆ ನಿಲ್ಲಬಹುದು. ಮಾಡಿದರೇನು ಮಹಾ, ಒಂದು ಸಿನಿಮಾ ತಾನೆ, ಅಜ್ಜಿಗೂ ಗೊತ್ತಾಗುವುದಿಲ್ಲ. ಬೆಳಗ್ಗೆಯಿಂದ ಹೀಗೇ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹತ್ತು ಸಲ ಹೇಳಿಕೊಂಡರೂ ಅದು ಸರಿ ಎನಿಸಿರಲಿಲ್ಲ.

“ಒಂದು,” ಎಂದಳು ಬುಲೆಟ್. “ಎರಡು.”

ಎಲ್ಲರ ಕಣ್ಣು ಅವಳ ಕೈಮೇಲೆ ಹೋಯಿತು. ಗೋಲಿ ಕಣ್ಣು ಮುಚ್ಚಿಕೊಂಡ.

“ಮೂರು.”

ಕಣ್ಣು ಬಿಟ್ಟಾಗ ಸುತ್ತಲೂ ಹೆಬ್ಬೆರಳುಗಳು ನೆಲ ನೋಡುತ್ತಿದ್ದವು. ಕನ್ನಡಕನ ಬೆರಳು ಮಾತ್ರ ಸ್ವಲ್ಪ ಹೊತ್ತು ಅಡ್ಡಡ್ಡವಾಗಿದ್ದು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಗೋಲಿಯದೊಂದು ಆಕಾಶ ನೋಡುತ್ತಿತ್ತು.

“ಲೋ ಗೋಲಿ, ಕೈ ಉಲ್ಟಾ ಆಗಿದೆ,” ಎಂದಳು ಬುಲೆಟ್.

“ಉಲ್ಟಾ ಆಗಿಲ್ಲ.”

“ಸರಿಯಾಗಿ ನೋಡ್ಕೋ. ಇನ್ನೊಂದ್ಸಲ ಬೇಕಾದ್ರೆ ಎಣಿಸ್ತೀನಿ.”

ಅವಳಿಗೂ ಅವನು ಔಟ್ ಆಗುವುದು ಬೇಡವಾಗಿತ್ತು. ಅದು ಗೋಲಿಗೆ ಅರ್ಥವಾಯಿತು. ಅದರಿಂದ ಹೇಳುವುದು ಇನ್ನೂ ಕಷ್ಟವಾಯಿತು.

“ನಂಗೆ ಆ ಸಿನಿಮಾ ತುಂಬಾ ಇಷ್ಟ ಆಯ್ತು,” ಎಂದ. ಧ್ವನಿ ಸಣ್ಣದಾಗಿ ಬಂತು. ಗಂಟಲು ಸರಿಮಾಡಿಕೊಂಡ. “ಇನ್ನೊಂದು ವಿಷ್ಯ. ನಿನ್ನೆ ಆಡ್ಕೊಂಡು ನಕ್ರಲ್ಲ, ಆ ಚಪ್ಪಾಳೆ ಹೊಡೆದೋರು ನಮ್ಮಜ್ಜಿ.”

ಕೊಕ್ಕರೆ ತನ್ನ ಉದ್ದ ಕಾಲುಗಳನ್ನೇ ನೋಡಿಕೊಂಡ.

“ಮೊದಲೇ ಹೇಳೋಕೇನಾಗಿತ್ತು?” ಎಂದಳು ಬುಲೆಟ್.

“ಹೆದರ್ಕೊಂಡೆ.”

ಬುಲೆಟ್, “ರೂಲ್ ಅಂದ್ರೆ ರೂಲ್,” ಎಂದಳು. ಹೇಳುವಾಗ ಗೋಲಿಯ ಮುಖ ನೋಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಗೋಲಿ ಮೈದಾನದ ಪಕ್ಕದ ಗೋಡೆಯ ಮೇಲೆ ಕೂತು ಮ್ಯಾಚ್ ನೋಡಿದ.

ಸರಿಯಾದದ್ದನ್ನು ಮಾಡಿದವರಿಗೆ ಎದೆ ಉಬ್ಬುತ್ತದೆ ಎಂದು ಅವನು ಅಂದುಕೊಂಡಿದ್ದ. ಉಬ್ಬಲಿಲ್ಲ. ಬದಲಿಗೆ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಅವನ ಗ್ಲೌಸ್ ಹಾಕಿಕೊಂಡು ಅವನ ಜಾಗದಲ್ಲಿ ಕನ್ನಡಕ ನಿಂತಿದ್ದ. ಬಾಲ್ ಬಂದಾಗಲೆಲ್ಲ ಎರಡು ಕೈಯಿಂದಲೂ ಮೂಗಿನ ಮೇಲಿನ ಕನ್ನಡಕವನ್ನು ಮುಚ್ಚಿಕೊಳ್ಳುತ್ತಿದ್ದ. ಬಾಲ್ ಪಕ್ಕದಿಂದ ಒಳಗೆ ಹೋಗುತ್ತಿತ್ತು. ಬುಲೆಟ್ ಒಬ್ಬಳೇ ಆ ತುದಿಯಿಂದ ಈ ತುದಿಗೆ ಓಡಿ ಓಡಿ ಎರಡು ಗೋಲು ಹೊಡೆದಳು. ಅವಳು ಹೊಡೆದದ್ದಕ್ಕಿಂತ ಹೆಚ್ಚು ಗೋಲುಗಳನ್ನು ಇತ್ತ ಬಿಟ್ಟುಕೊಟ್ಟರು. ಅದರಲ್ಲಿ ಎರಡನ್ನಾದರೂ ತಾನು ಹಿಡಿಯುತ್ತಿದ್ದೆ ಎಂದು ಗೋಲಿಗೆ ಗೊತ್ತಿತ್ತು. ಅವನು ಗೋಡೆಯ ಮೇಲೆ ಕೂತೇ ಎರಡು ಸಲ ಹಾರಿದ್ದ. ಕಣ್ಣಲ್ಲಿ ನೀರು ಬಂತು, ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

ಸೋತವರು ಗೋಡೆಯ ಹತ್ತಿರ ಬಂದು ಬ್ಯಾಗುಗಳ ಪಕ್ಕ ಕುಸಿದರು. ಎಲ್ಲರ ಮುಖದಲ್ಲೂ ಧೂಳು ಮತ್ತು ಬೆವರು. ಕೊಕ್ಕರೆ ಬಾಟಲಿ ನೆಲಕ್ಕೆ ಕುಕ್ಕಿದ.

“ಎಲ್ಲಾ ಇವನಿಂದ್ಲೇ,” ಎಂದ ಗೋಲಿಯ ಕಡೆ ಕೈ ತೋರಿಸಿ. “ಒಂದು ಹೆಬ್ಬೆರಳು ಕೆಳಗೆ ಮಾಡೋಕೆ ಏನಾಗಿತ್ತು ಇವನಿಗೆ?”

“ಹೌದು ಮತ್ತೆ,” ಎಂದಳು ಒಬ್ಬಳು.

“ದೊಡ್ಡ ಹೀರೋ,” ಎಂದ ಇನ್ನೊಬ್ಬ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆಮೇಲೆ ರೂಢಿಯಂತೆ ಎಲ್ಲರೂ ಬುಲೆಟ್‌ಳ ಕಡೆ ತಿರುಗಿದರು. ಅವಳು ಶೂ ಬಿಚ್ಚುತ್ತಾ ಕೂತಿದ್ದಳು. ಅವಳೂ ಒಂದು ಮಾತು ಅಂದರೆ ಮುಗಿಯಿತು, ಇನ್ನು ಈ ಟೀಮಿನಲ್ಲಿ ತನಗೆ ಜಾಗವಿಲ್ಲ ಎಂದುಕೊಂಡ ಗೋಲಿ.

ಬುಲೆಟ್ ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಎದ್ದಳು.

“ನಂಗೆ ಆ ಸಿನಿಮಾ ಇಷ್ಟ ಆಗ್ಲಿಲ್ಲ,” ಎಂದಳು. “ಈಗ್ಲೂ ಇಷ್ಟ ಇಲ್ಲ. ಆದ್ರೆ ಗೋಲಿಯನ್ನ ಹೊರಗೆ ಕೂರಿಸಿದ್ದು ಗೋಲಿಯಲ್ಲ, ನಾನು. ರೂಲ್ ಮಾಡಿದ್ದೂ ನಾನೇ. ಕೆಟ್ಟ ರೂಲ್ ಅದು. ಮಂಗಳವಾರವೇ ಗೊತ್ತಾಯ್ತು. ವಾಪಸ್ ತಗೊಳ್ಳೋಕೆ ನಾಚಿಕೆ ಆಯ್ತು.”

“ಹಾಗಾದ್ರೆ ನಿನ್ನಿಂದ ಸೋತ್ವಿ ಅಂತಾಯ್ತು,” ಎಂದ ಕೊಕ್ಕರೆ.

ಬುಲೆಟ್‌ಳಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಯಾರಾದರೂ ‘ಹೇ ಇಲ್ಲಪ್ಪಾ’ ಎನ್ನುತ್ತಾರೇನೋ ಎಂದು ಅವಳು ಸುತ್ತ ನೋಡಿದಳು. ಯಾರೂ ಎನ್ನಲಿಲ್ಲ. ಅವಳು ಹೂಂ ಎಂದಾಗಲೆಲ್ಲ ಹೂಂ ಎಂದವರು ಈಗ ತಮ್ಮ ತಮ್ಮ ಬಾಟಲಿಗಳನ್ನು ನೋಡುತ್ತಿದ್ದರು.

“ಹೌದು, ನನ್ನಿಂದ್ಲೇ,” ಎಂದಳು ಬುಲೆಟ್. “ಬೈಯೋದಿದ್ರೆ ನನ್ನ ಬೈರಿ.”

ಯಾರೂ ಬೈಯಲಿಲ್ಲ. ಕೊಕ್ಕರೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಕನ್ನಡಕ ಗ್ಲೌಸ್ ಬಿಚ್ಚಿ ಗೋಲಿಯ ಪಕ್ಕ ಗೋಡೆಯ ಮೇಲಿಟ್ಟ. “ನಂಗೂ ಸಿನಿಮಾ ಚೆನ್ನಾಗಿತ್ತು ಕಣೋ,” ಎಂದು ಪಿಸುಗುಟ್ಟಿ, ಅವರ ಹಿಂದೆ ಓಡಿದ.

ಅಷ್ಟಗಲ ಮೈದಾನದಲ್ಲಿ ಬುಲೆಟ್ ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ ಹಾಕಿಕೊಂಡು ಒಬ್ಬಳೇ ನಿಂತಿದ್ದಳು. ಮಂಗಳವಾರ ಟ್ಯಾಂಕಿನ ಕೆಳಗೆ ತಾನೂ ಹೀಗೇ ನಿಂತಿದ್ದೆ ಎಂದು ಗೋಲಿಗೆ ಅನಿಸಿತು. ಹಾಗೆ ಒಂಟಿಯಾಗಿ ನಿಲ್ಲುವುದು ತನ್ನಂಥವರಿಗೆ ಮಾತ್ರ ಕಷ್ಟ, ಬುಲೆಟ್‌ಳಿಗೆ ಅದೆಲ್ಲ ಏನೂ ಅಲ್ಲ ಎಂದು ಅವನು ತಿಳಿದಿದ್ದ. ಈಗ ನೋಡಿದರೆ ಅವಳ ಕಿವಿ ಕೆಂಪಾಗಿತ್ತು, ಕೆಳತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿದಿದ್ದಳು.

ಗೋಲಿ ಗೋಡೆಯಿಂದ ಇಳಿದು ಹೋಗಿ ಅವಳ ಪಕ್ಕದಲ್ಲಿ ನಿಂತುಕೊಂಡ.

“ಏನೋ?” ಎಂದಳು ಬುಲೆಟ್, ತಿರುಗದೆ.

“ಏನಿಲ್ಲ. ನೀನು ಶೂ ಹಾಕ್ಕೋ, ನಿಧಾನವಾಗಿ. ನಾನು ಇಲ್ಲೇ ಇರ್ತೀನಿ.”